ನಮ್ಮ ಯಲಹಂಕಕ್ಕಿಂತ ಚಿಕ್ಕ 'ದೇಶ' ನಮ್ಮನ್ನು ಸೋಲಿಸಿದ ಕಥೆ

ಬಾಗಲೂರು ಕಡೆ ಸಂಜೆ ಹೊತ್ತು ಹೋದರೆ ಖಾಲಿ ಸೈಟುಗಳಲ್ಲಿ ಹುಡುಗರು ಫುಟ್‌ಬಾಲ್ ಒದೀತಿರೋದು ಕಾಣುತ್ತೆ. ಅಲ್ಲೇ ಸಾತನೂರಿನಲ್ಲಿ ಪಡುಕೋಣೆ-ದ್ರಾವಿಡ್ ಕ್ರೀಡಾ ಕೇಂದ್ರ. ಅದರೊಳಗೆ ಹಸಿರು ಹುಲ್ಲಿನ ಮೈದಾನ, ಹೊರಗೆ ಕೆಂಪು ಮಣ್ಣು. ಈ ಎರಡನ್ನೂ ನೋಡಿದಾಗ ನನಗೆ ನೆನಪಾಗೋದು ಒಂದು ಪುಟ್ಟ ದ್ವೀಪ. ಅದರ ಹೆಸರು ಗುವಾಮ್.

ಕೇಳಿದ್ದೀರಾ? ಪೆಸಿಫಿಕ್ ಸಾಗರದಲ್ಲಿದೆ. ಜನಸಂಖ್ಯೆ ಎರಡು ಲಕ್ಷಕ್ಕೂ ಕಡಿಮೆ. ನಮ್ಮ ಯಲಹಂಕ ವಿಧಾನಸಭಾ ಕ್ಷೇತ್ರದ ಮತದಾರರನ್ನು ಮಾತ್ರ ಎಣಿಸಿದರೂ ಅದಕ್ಕಿಂತ ಜಾಸ್ತಿ! ಇಂಥ ಗುವಾಮ್ 2015ರ ಜೂನ್ 16ರಂದು ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಭಾರತವನ್ನು 2-1ರಿಂದ ಸೋಲಿಸಿತು. ಆಗ ಫಿಫಾ ರ‍್ಯಾಂಕಿಂಗ್‌ನಲ್ಲಿ ನಾವು 141, ಅವರು 174. ಕೊನೇ ಗಳಿಗೆಯಲ್ಲಿ ನಮ್ಮ ಗೋಲು ಹೊಡೆದದ್ದು ಸುನಿಲ್ ಛೆಟ್ರಿ. ಅದು ಅವರ ಐವತ್ತನೇ ಅಂತಾರಾಷ್ಟ್ರೀಯ ಗೋಲು. ಸಂಭ್ರಮಿಸೋ ಪರಿಸ್ಥಿತಿ ಮಾತ್ರ ಇರಲಿಲ್ಲ.

ಇನ್ನೊಂದು ವಿಷಯ ಗೊತ್ತಾ? ಗುವಾಮ್ ಒಂದು ದೇಶವೇ ಅಲ್ಲ. ಅದು ಅಮೆರಿಕದ ಅಧೀನದಲ್ಲಿರುವ ಪ್ರದೇಶ. ಅಲ್ಲಿ ಹುಟ್ಟಿದವರು ಅಮೆರಿಕದ ಪ್ರಜೆಗಳು, ಆದರೆ ಅಲ್ಲಿದ್ದುಕೊಂಡು ಅಧ್ಯಕ್ಷರ ಚುನಾವಣೆಗೆ ಮತ ಹಾಕೋ ಹಾಗಿಲ್ಲ. ಹಾಗಾದರೆ ಅದಕ್ಕೆ ರಾಷ್ಟ್ರೀಯ ತಂಡ ಹೇಗೆ? ವಿಶ್ವಸಂಸ್ಥೆಯಲ್ಲಿರೋದು 193 ದೇಶಗಳು, ಫಿಫಾದಲ್ಲಿರೋದು 211 ಸದಸ್ಯರು. ಫಿಫಾ ಲೆಕ್ಕ ಇಡೋದು ದೇಶಗಳನ್ನಲ್ಲ, ಫುಟ್‌ಬಾಲ್ ಸಂಸ್ಥೆಗಳನ್ನು. ಇಂಗ್ಲೆಂಡ್, ಸ್ಕಾಟ್ಲೆಂಡ್‌ಗೆ ಬೇರೆ ಬೇರೆ ತಂಡ ಇರೋದೂ ಇದೇ ಕಾರಣಕ್ಕೆ. ಗುವಾಮ್ 1996ರಲ್ಲಿ ಫಿಫಾ ಸೇರಿತು.

ಶುರುವಿನಲ್ಲಿ ಅವರ ಗತಿ ನೋಡಬೇಕಿತ್ತು. 2000ದಲ್ಲಿ ಇರಾನ್ ವಿರುದ್ಧ 0-19. 2005ರಲ್ಲಿ ಉತ್ತರ ಕೊರಿಯಾ ವಿರುದ್ಧ 0-21! ಬೇರೆಯವರಾಗಿದ್ದರೆ ಬಾಗಿಲು ಹಾಕಿಕೊಂಡು ಹೋಗ್ತಿದ್ದರು. ಇವರು ಹಾಕಲಿಲ್ಲ. ತರಬೇತಿ ಕೇಂದ್ರ ಕಟ್ಟಿಕೊಂಡರು. 2012ರಲ್ಲಿ ಗ್ಯಾರಿ ವೈಟ್ ಎಂಬ ಇಂಗ್ಲಿಷ್ ಕೋಚ್ ಬಂದರು. ಅಮೆರಿಕದಲ್ಲಿ ಬೆಳೆದ, ಗುವಾಮ್ ಮೂಲದ ಆಟಗಾರರನ್ನು ಹುಡುಕಿದರು. ನಿಯಮ ಸರಳ: ಅಪ್ಪ-ಅಮ್ಮನೋ ಅಜ್ಜ-ಅಜ್ಜಿಯೋ ಆ ದ್ವೀಪದಲ್ಲಿ ಹುಟ್ಟಿದ್ದರೆ ಸಾಕು, ಪಾಸ್‌ಪೋರ್ಟ್ ಹೇಗೂ ಅಮೆರಿಕದ್ದೇ. ಲಾಸ್ ಏಂಜಲಿಸ್ ಗ್ಯಾಲಕ್ಸಿ ಕ್ಲಬ್‌ನ ಎ.ಜೆ. ಡಿಲಾಗಾರ್ಜಾ ಬಂದದ್ದು ಹೀಗೆ.

ನಮ್ಮಲ್ಲಿ? ಭಾರತದ ಪಾಸ್‌ಪೋರ್ಟ್ ಇಲ್ಲದೆ ಭಾರತಕ್ಕೆ ಆಡೋ ಹಾಗಿಲ್ಲ, ನಮ್ಮ ಕಾನೂನು ಎರಡು ಪೌರತ್ವ ಒಪ್ಪೋದೂ ಇಲ್ಲ. 2013ರಲ್ಲಿ ಭಾರತಕ್ಕೆ ಆಡಿದ ಇಜುಮಿ ಅರಾಟಾ ಅದಕ್ಕಾಗಿ ಜಪಾನ್ ಪೌರತ್ವವನ್ನೇ ಬಿಡಬೇಕಾಯಿತು. ವಿದೇಶದಲ್ಲಿ ಬೆಳೆದ ಹುಡುಗನಿಗೆ ಅದು ಸಣ್ಣ ತ್ಯಾಗ ಅಲ್ಲ.

ಸೇಡು ತೀರಿದ್ದು ನಮ್ಮ ಊರಲ್ಲೇ. 2015ರ ನವೆಂಬರ್ 12, ಕಂಠೀರವ ಕ್ರೀಡಾಂಗಣ. ಹತ್ತನೇ ನಿಮಿಷದಲ್ಲಿ ರಾಬಿನ್ ಸಿಂಗ್ ಗೋಲು. ವಿರಾಮಕ್ಕೆ ಮುಂಚೆಯೇ ಸೇತ್ಯಾಸೇನ್ ಸಿಂಗ್‌ಗೆ ರೆಡ್ ಕಾರ್ಡ್. ಉಳಿದ ಹತ್ತೇ ಜನ ಕಾದು ನಿಂತು 1-0ಯಿಂದ ಗೆದ್ದರು. ಆ ಗುಂಪಿನ ಪಂದ್ಯಗಳಲ್ಲಿ ಸತತ ಐದು ಸೋಲಿನ ನಂತರ ಬಂದ ಮೊದಲ ಗೆಲುವು ಅದು. ಆದರೂ ಗುಂಪಿನಲ್ಲಿ ಕೊನೇ ಸ್ಥಾನ ನಮ್ಮದೇ. ಗುವಾಮ್ ನಮಗಿಂತ ಮೇಲೆ!

ಹಾಗಂತ ಗುವಾಮ್ ಕಥೆ ಸುಖಾಂತ್ಯವೂ ಅಲ್ಲ. ಏಷ್ಯಾ ಕಪ್ ಅರ್ಹತೆಯ ಮುಂದಿನ ಸುತ್ತಿಗೆ ಹೋಗುವ ಅವಕಾಶವಿದ್ದರೂ ದುಡ್ಡಿಲ್ಲ ಅಂತ ಹಿಂದೆ ಸರಿಯಿತು. ನಾವು ಲಾವೋಸ್‌ನ ಸೋಲಿಸಿ ಆ ಸುತ್ತಿಗೆ ಹೋದೆವು, 2019ರ ಏಷ್ಯಾ ಕಪ್ಪೂ ಆಡಿದೆವು.

ನೋಡಿ, ಅವರ ಹತ್ತಿರ ಜನ ಇಲ್ಲ, ಹಣ ಇಲ್ಲ. ಇದ್ದ ಒಬ್ಬೊಬ್ಬನನ್ನೂ ಹುಡುಕಿ ಆಡಿಸಿದರು. ನಮ್ಮ ಹತ್ತಿರ 140 ಕೋಟಿ ಜನ. ಬಾಗಲೂರಿನ ಕೆಂಪು ಮಣ್ಣಲ್ಲಿ ಆಡೋ ಹುಡುಗನನ್ನು ಹುಡುಕೋಕೆ ಪಾಸ್‌ಪೋರ್ಟೂ ಬೇಡ, ವಿಮಾನದ ಟಿಕೆಟ್ಟೂ ಬೇಡ. ಆ ಸೈಟಿಗೆ ಬೇಲಿ ಬೀಳೋದಕ್ಕೆ ಮುಂಚೆ ಯಾರಾದರೂ ಒಬ್ಬರು ಹೋಗಿ ನೋಡಬೇಕು, ಅಷ್ಟೇ.