ನಲವತ್ತರ ನಂತರ ಬಾಸ್ಕೆಟ್‌ಬಾಲ್: ಹೊಸ ತಂಡಕ್ಕೆ ಮೊದಲು ಹೇಳಬೇಕಾದದ್ದು

ಕಾಲೇಜು ಬಿಟ್ಟ ಮೇಲೆ ನಾನು ಬಾಸ್ಕೆಟ್‌ಬಾಲ್ ಮುಟ್ಟಿರಲಿಲ್ಲ. ಇಪ್ಪತ್ತು ವರ್ಷ ದವಾಖಾನೆಯ ಕುರ್ಚಿಯಲ್ಲಿ ಕುಳಿತು, ಬಂದವರಿಗೆಲ್ಲ 'ದಿನಾ ನಡೆಯಿರಿ' ಎಂದು ಹೇಳುತ್ತಲೇ ನನ್ನ ಹೊಟ್ಟೆ ಮುಂದೆ ಬಂದಿತ್ತು. ಕಳೆದ ವರ್ಷ ನಮ್ಮ ಬಡಾವಣೆಯ ಶಾಲಾ ಅಂಗಳದಲ್ಲಿ ಹವ್ಯಾಸಿಗಳ ಭಾನುವಾರದ ಲೀಗ್ ಶುರುವಾಯಿತು. ಒಂದು ತಂಡಕ್ಕೆ ಜನ ಸಾಲದೆ ನನ್ನನ್ನೂ ಕರೆದರು. ತಂಡದಲ್ಲಿ ನನಗೆ ಪರಿಚಯವಿದ್ದದ್ದು ಒಬ್ಬರು ಮಾತ್ರ. ಉಳಿದವರ ಹೆಸರು ಕಲಿಯುವುದರೊಳಗೆ ಎರಡನೇ ಪಂದ್ಯ ಬಂದಿತ್ತು.

ಆ ಪಂದ್ಯದಲ್ಲಿ ನಮ್ಮ ತಂಡದ ಬಟ್ಟೆ ವ್ಯಾಪಾರಿಯೊಬ್ಬರು ಇದ್ದಕ್ಕಿದ್ದಂತೆ ರೆಫರಿಯ ಮೇಲೆ ರೇಗಿದರು. ಚೆಂಡನ್ನು ಎದುರಾಳಿಯ ಕೈಗೇ ಕೊಟ್ಟರು. ಮತ್ತೆ ಕೂಗಾಡಿದರು. 'ಇವರ ಸ್ವಭಾವವೇ ಹೀಗೆ ಇರಬೇಕು' ಎಂದುಕೊಂಡು ನಾವೆಲ್ಲ ಸುಮ್ಮನಿದ್ದೆವು. ಅವರನ್ನು ಬೆಂಚಿಗೆ ಕರೆದಾಗ ನಾನು ಕೈ ಹಿಡಿದೆ. ಕೈ ತಣ್ಣಗಿತ್ತು, ನಡುಗುತ್ತಿತ್ತು, ಮುಖ ಬಿಳಿಚಿಕೊಂಡು ಬೆವರುತ್ತಿತ್ತು. "ಭಾಯ್, ನಿಮಗೆ ಶುಗರ್ ಇದೆಯಾ?" ಎಂದು ಕೇಳಿದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ಇದೆ ಹಕೀಮ್ ಸಾಬ್, ಆದರೆ ಇಲ್ಲಿ ಯಾರಿಗೂ ಹೇಳಿಲ್ಲ" ಎಂದರು.

ಬೆಳಿಗ್ಗೆ ಮಾತ್ರೆ ನುಂಗಿದ್ದರು, ತಿಂಡಿ ತಿಂದಿರಲಿಲ್ಲ. ಹುಡುಗನೊಬ್ಬ ಗೇಟಿನ ಬಳಿಯ ಅಂಗಡಿಯಿಂದ ಮಾವಿನ ಜ್ಯೂಸ್ ತಂದ. ಕಾಲು ಗಂಟೆಯಲ್ಲಿ ಅವರು ಸರಿಹೋದರು, ರೆಫರಿಯ ಬಳಿ ಹೋಗಿ ಕ್ಷಮೆಯನ್ನೂ ಕೇಳಿದರು. ನಿಜಕ್ಕೂ ಬಹಳ ಮೃದು ಸ್ವಭಾವದ ಮನುಷ್ಯ. ಹಳೆಯ ಸ್ನೇಹಿತರಾಗಿದ್ದರೆ 'ಇವರು ಹೀಗೆ ಕೂಗುವವರಲ್ಲ, ಏನೋ ಆಗಿದೆ' ಎಂದು ಕೂಡಲೇ ಗುರುತಿಸುತ್ತಿದ್ದರು. ಹೊಸ ತಂಡಕ್ಕೆ ನಮ್ಮ ಮಾಮೂಲು ಮುಖ ಯಾವುದೆಂದು ಗೊತ್ತಿರುವುದಿಲ್ಲ. ಆ ದಿನ ನನಗೆ ಹೆದರಿಕೆಯಾದದ್ದು ಇದಕ್ಕೇ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಓಟದ ಆಟದಲ್ಲಿ ಸಕ್ಕರೆ 70ಕ್ಕಿಂತ ಕೆಳಗೆ ಇಳಿಯುವ ಅಪಾಯ ಇದ್ದೇ ಇದೆ. ಆಟಕ್ಕೆ ಮೊದಲು ಗ್ಲುಕೋಮೀಟರ್‌ನಲ್ಲಿ ನೋಡಿ, 100ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದೇ ಇಳಿಯಿರಿ. ನಡುಕ, ತಣ್ಣನೆಯ ಬೆವರು, ಕಾರಣವಿಲ್ಲದ ಸಿಟ್ಟು, ಮಾತು ತೊದಲುವುದು ಕಂಡರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ. 15 ನಿಮಿಷ ಕಳೆದರೂ ಸುಧಾರಿಸದಿದ್ದರೆ ಇನ್ನೊಮ್ಮೆ ಕುಡಿಸಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ, ನೇರವಾಗಿ ಆಸ್ಪತ್ರೆಗೆ ಒಯ್ಯಿರಿ. ಆಟ ಮುಗಿದು ಕೆಲವು ಗಂಟೆಗಳ ನಂತರ, ರಾತ್ರಿ ನಿದ್ದೆಯಲ್ಲೂ ಸಕ್ಕರೆ ಇಳಿಯಬಹುದು ಎಂಬುದು ಮನೆಯವರಿಗೂ ತಿಳಿದಿರಲಿ. ಮಾತ್ರೆಯ ಪ್ರಮಾಣವನ್ನು ನೀವೇ ಕಡಿಮೆ ಮಾಡಿಕೊಳ್ಳದೆ ನಿಮ್ಮ ವೈದ್ಯರನ್ನು ಕೇಳಿ.

ಅವರಿಗೆ ಬುದ್ಧಿ ಹೇಳಿದ ನಾನೇ ಮುಂದಿನ ವಾರ ಅದೇ ತಪ್ಪು ಮಾಡಿದೆ. ರೀಬೌಂಡ್‌ಗೆ ಹಾರಿ ಇಳಿಯುವಾಗ ಕಾಲು ಇನ್ನೊಬ್ಬರ ಪಾದದ ಮೇಲೆ ಬಿದ್ದು ಬಲಗಾಲಿನ ಹರಡು ಒಳಕ್ಕೆ ತಿರುಚಿತು. ಬಾಸ್ಕೆಟ್‌ಬಾಲ್‌ನಲ್ಲಿ ಅತಿ ಸಾಮಾನ್ಯವಾದ ಪೆಟ್ಟು ಇದು. 'ಹೊಸಬ, ಮೂರನೇ ವಾರಕ್ಕೇ ಕುಂಟಿದ' ಎನ್ನುತ್ತಾರೆಂದು ಹೇಳದೆ ಆಡಿದೆ. ಎರಡು ವಾರದಲ್ಲಿ ವಾಸಿಯಾಗಬೇಕಿದ್ದದ್ದಕ್ಕೆ ಎರಡು ತಿಂಗಳು ಬೇಕಾಯಿತು. ಈ ಆಟದಲ್ಲಿ ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ನಲವತ್ತು ದಾಟಿದವರಿಗೆ ಇಷ್ಟು ಅನುಕೂಲವಾದ ನಿಯಮ ಫುಟ್‌ಬಾಲ್‌ನಲ್ಲೂ ಇಲ್ಲ. ಆದರೂ ಕೈ ಎತ್ತಿ 'ನನ್ನನ್ನು ಹೊರಗೆ ಕರೆಯಿರಿ' ಎನ್ನಲು ನಾಚಿಕೆ.

ಹರಡು ಉಳುಕಿದ ದಿನವೇ ಬಿಸಿ ಎಣ್ಣೆ ತಿಕ್ಕಿಸಿಕೊಂಡು ಊದಿಸಿಕೊಂಡು ಬರುವವರು ನನ್ನಲ್ಲಿ ಬಹಳ. ಯುನಾನಿಯಲ್ಲಿ ಮಾಲೀಶಿಗೆ ದೊಡ್ಡ ಸ್ಥಾನವಿದೆ, ಆದರೆ ಅದು ಇಂಥ ಹೊತ್ತಿನಲ್ಲಲ್ಲ. ಮೊದಲ ಎರಡು ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15ರಿಂದ 20 ನಿಮಿಷದಂತೆ ಇಡಿ. ಕ್ರೇಪ್ ಬ್ಯಾಂಡೇಜ್ ಕಟ್ಟಿ ಕಾಲನ್ನು ದಿಂಬಿನ ಮೇಲೆ ಎತ್ತರಿಸಿಡಿ. ನಾಲ್ಕು ಹೆಜ್ಜೆಯೂ ಊರಲಾಗದಿದ್ದರೆ ಎಕ್ಸ್‌ರೇ ತೆಗೆಸಿ. ಯಾರೋ ಹಿಂದಿನಿಂದ ಹಿಮ್ಮಡಿಗೆ ಒದ್ದಂತಾಗಿ, ತಿರುಗಿ ನೋಡಿದರೆ ಯಾರೂ ಇಲ್ಲವಾದರೆ ಹಿಮ್ಮಡಿಯ ಸ್ನಾಯುರಜ್ಜು ಹರಿದಿರಬಹುದು. ಅದೇ ದಿನ ಮೂಳೆ ವೈದ್ಯರ ಬಳಿ ಹೋಗಬೇಕು. ಎದೆ, ದವಡೆ ಅಥವಾ ಎಡಗೈಯ ನೋವನ್ನಂತೂ ಗ್ಯಾಸ್ ಎಂದು ತಳ್ಳಿಹಾಕಬೇಡಿ. ಬಹಳ ವರ್ಷದ ನಂತರ ಅಂಗಳಕ್ಕೆ ಇಳಿಯುವವರು, ಅದರಲ್ಲೂ ಬಿಪಿ, ಶುಗರ್ ಇರುವವರು, ಮೊದಲು ಹೃದಯದ ತಪಾಸಣೆ ಮಾಡಿಸಿಕೊಳ್ಳಬೇಕು.

ಯುನಾನಿ ವೈದ್ಯಕೀಯಕ್ಕೆ ಚೆಂಡಾಟ ಹೊಸದೇನೂ ಅಲ್ಲ. ನಾವು ಜಾಲೀನೂಸ್ ಎಂದು ಕರೆಯುವ ಗ್ಯಾಲೆನ್ ಎರಡನೇ ಶತಮಾನದಲ್ಲೇ ಸಣ್ಣ ಚೆಂಡಿನ ಆಟದ ಬಗ್ಗೆ ಒಂದು ಪುಟ್ಟ ಗ್ರಂಥ ಬರೆದಿದ್ದಾರೆ. ಬಡವರಿಗೂ ಎಟಕುತ್ತದೆ, ಇಡೀ ದೇಹ ದುಡಿಯುತ್ತದೆ ಎಂಬುದು ಅವರ ಮೆಚ್ಚುಗೆಗೆ ಕಾರಣ. ಪೆಟ್ಟಾಗುವುದು ಕಡಿಮೆ ಎಂದೂ ಹೇಳಿದ್ದಾರೆ. ಸಿಮೆಂಟ್ ಅಂಗಳದಲ್ಲಿ 3.05 ಮೀಟರ್ ಎತ್ತರದ ಬುಟ್ಟಿಗೆ ಹಾರುವ ನಮ್ಮನ್ನು ಅವರು ನೋಡಿರಲಿಲ್ಲ. ಇಬ್ನ್ ಸೀನಾ 'ಅಲ್ ಖಾನೂನ್'ನಲ್ಲಿ ರಿಯಾಝತ್‌ಗೆ, ಅಂದರೆ ವ್ಯಾಯಾಮಕ್ಕೆ ಮೊದಲು ದೇಹವನ್ನು ಸಿದ್ಧಗೊಳಿಸುವ ಮಾಲೀಶನ್ನೂ ನಂತರ ದಣಿವು ಕಳೆಯುವ ಮಾಲೀಶನ್ನೂ ಬೇರೆಬೇರೆಯಾಗಿ ಹೇಳಿದ್ದಾರೆ. ನಮ್ಮ ತಂಡ ಈಗ ಹತ್ತು ನಿಮಿಷ ನಿಧಾನ ಓಟ, ಕಾಲು ಬೀಸುವುದು, ಹರಡು ತಿರುಗಿಸುವುದು ಮುಗಿಸಿಯೇ ಚೆಂಡು ಮುಟ್ಟುತ್ತದೆ. ಮುಖದ ಬಣ್ಣ ಚೆನ್ನಾಗಿರುವ ತನಕ, ಚಲನೆ ಹಗುರವಾಗಿರುವ ತನಕ ವ್ಯಾಯಾಮ ಮುಂದುವರಿಸಬಹುದು ಎಂಬ ಅವರ ಅಳತೆಯನ್ನೂ ಬೆಂಚಿನಲ್ಲಿ ಕುಳಿತವರು ಇಟ್ಟುಕೊಂಡಿದ್ದಾರೆ.

ಹೊಸ ತಂಡದಲ್ಲಿ ಇನ್ನೊಂದು ತೊಂದರೆ, ಎರವಲು ಜೆರ್ಸಿ. ಒಬ್ಬರ ಬೆವರಿನ ಜೆರ್ಸಿ, ಟವೆಲ್ ಇನ್ನೊಬ್ಬರ ಮೈಗೆ ಹೋದರೆ ಹುಳುಕಡ್ಡಿಯೂ ಜೊತೆಗೆ ಹೋಗುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳದೆ ಕೊಡುವ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ಎರಡು ದಿನ ತುರಿಕೆ ನಿಂತು ಆಮೇಲೆ ಇಮ್ಮಡಿಯಾಗುತ್ತದೆ. ಒದ್ದೆ ಕಾಲುಚೀಲ ಕೂಡಲೇ ಬದಲಾಯಿಸಿ. ವುಝೂ ಮಾಡಿದ ಬಳಿಕ ಬೆರಳ ಸಂದುಗಳನ್ನು ಒರೆಸಿ ಒಣಗಿಸಿದ ಮೇಲೆಯೇ ಬೂಟು ಹಾಕಿ. ಶುಗರ್ ಇರುವವರು ಪ್ರತಿ ಆಟದ ನಂತರ ಅಂಗಾಲು ನೋಡಿಕೊಳ್ಳಬೇಕು.

ನಮ್ಮ ಆಟ ನೋಡಲು ಬರುವ ಹೆಣ್ಣುಮಕ್ಕಳೂ ಈಗ ಆಡಬೇಕೆನ್ನುತ್ತಿದ್ದಾರೆ. ತಲೆವಸ್ತ್ರದ ಬಗ್ಗೆ ತಾಯಂದಿರು ಕೇಳುತ್ತಾರೆ. ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ 2017ರಲ್ಲೇ ಅದಕ್ಕೆ ಅವಕಾಶ ಕೊಟ್ಟಿದೆ.

ನಮ್ಮ ಸ್ಕೋರ್ ಪುಸ್ತಕದ ಕೊನೆಯ ಪುಟದಲ್ಲಿ ಈಗ ಎಲ್ಲರ ಕಾಯಿಲೆ, ಮಾತ್ರೆ, ಮನೆಯ ಫೋನ್ ನಂಬರು ಬರೆದಿದೆ. ಮೊದಲು ಬರೆಸಿದವರು ಬಟ್ಟೆ ವ್ಯಾಪಾರಿಯೇ. ನನ್ನ ಹೆಸರಿನ ಮುಂದೆ 'ಬಲ ಹರಡು' ಎಂದಿದೆ. ಅದರ ಪಕ್ಕದಲ್ಲಿ 'ಕೇಳಿದರೆ ನೋವಿಲ್ಲ ಅನ್ನುತ್ತಾರೆ, ನಂಬಬೇಡಿ' ಎಂದು ಯಾರೋ ಪೆನ್ಸಿಲಿನಲ್ಲಿ ಸೇರಿಸಿದ್ದಾರೆ.