ದೀಪ ಹಚ್ಚಿ, ಕಸ ಗುಡಿಸಿ, ಲೆಕ್ಕ ನೋಡಿ

ಯೇಸುಸ್ವಾಮಿ ಒಂದು ಕತೆ ಹೇಳಿದರು. ಬೈಬಲ್‌ನಲ್ಲಿ ಲೂಕನ ಪುಸ್ತಕದ 15ನೇ ಅಧ್ಯಾಯದಲ್ಲಿ ಅದು ಇದೆ. ಒಬ್ಬ ಹೆಂಗಸಿನ ಹತ್ತಿರ 10 ಬೆಳ್ಳಿ ನಾಣ್ಯ ಇದ್ದವು. ಒಂದು ಕಳೆದುಹೋಯಿತು. ಅವಳು ದೀಪ ಹಚ್ಚಿದಳು. ಪೊರಕೆ ತಗೊಂಡು ಮನೆಯೆಲ್ಲ ಗುಡಿಸಿದಳು. ಸಿಕ್ಕುವ ತನಕ ಬಿಡಲಿಲ್ಲ. ಸಿಕ್ಕಿದ ಮೇಲೆ ಅಕ್ಕಪಕ್ಕದವರನ್ನು ಕರೆದು ಹೇಳಿಕೊಂಡಳು.

ಆ ಕಾಲದಲ್ಲಿ ಒಂದು ನಾಣ್ಯ ಅಂದರೆ ಹೆಚ್ಚುಕಮ್ಮಿ ಒಂದು ದಿನದ ಕೂಲಿ. ದಾರಿ ತಪ್ಪಿದವರನ್ನು ದೇವರು ಹೀಗೇ ಹುಡುಕುತ್ತಾನೆ ಎಂದು ಚರ್ಚಿನಲ್ಲಿ ಗುರುಗಳು ಅರ್ಥ ಹೇಳುತ್ತಾರೆ. ಅದು ಸರಿ. ಇನ್ನೊಂದನ್ನೂ ನೋಡೋಣ. ಹತ್ತರಲ್ಲಿ ಒಂದು ಹೋಗಿದೆ ಅಂತ ಅವಳಿಗೆ ಹೇಗೆ ಗೊತ್ತಾಯಿತು? ಅವಳು ಎಣಿಸಿ ಇಟ್ಟಿದ್ದಳು.

ನಮ್ಮಲ್ಲಿ ಎಷ್ಟು ಜನ ಎಣಿಸುತ್ತೇವೆ?

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ದುಡ್ಡು ಒಂದೇ ಸಮ ಬರುವುದಿಲ್ಲ. ಕಬ್ಬಿನ ದುಡ್ಡಿಗೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ರೇಷ್ಮೆಗೂಡು ಮಾರಿದ ದಿನ ಕೈತುಂಬ ಇರುತ್ತದೆ, ಆಮೇಲೆ ಇಲ್ಲ. ಕೂಲಿ ಸಿಕ್ಕಿದರೆ ಉಂಟು. ಆದರೆ ಸಾಲದ ಕಂತು ವಾರ ವಾರವೂ ತಪ್ಪದೆ ಬಾಗಿಲಿಗೆ ಬರುತ್ತದೆ.

2025ರ ಜನವರಿಯಲ್ಲಿ ಕೆಟ್ಟ ಸುದ್ದಿಗಳು ಬಂದವು. ಫೈನಾನ್ಸ್‌ನವರ ಕಾಟ ತಾಳದೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು. ಮಳವಳ್ಳಿ ತಾಲ್ಲೂಕಿನ ಒಬ್ಬ ಹೆಣ್ಣುಮಗಳು ಪ್ರಾಣವನ್ನೇ ಕಳೆದುಕೊಂಡರು. ಆಮೇಲೆ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಒಂದು ಸುಗ್ರೀವಾಜ್ಞೆ ತಂದಿತು. ಸಾಲ ವಸೂಲಿಗೆ ಹೆದರಿಸಿ, ಬೈದು, ಬಲವಂತ ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಎಂದು ಅದರಲ್ಲಿ ಹೇಳಿದೆ.

ಕಾನೂನು ಬಂತು, ಒಳ್ಳೆಯದು. ಮನೆಯ ಲೆಕ್ಕವನ್ನು ಮಾತ್ರ ನಾವೇ ನೋಡಬೇಕು.

ಒಂದು ಮನೆ ಅಂತ ಇಟ್ಟುಕೊಳ್ಳೋಣ. ಗಂಡ ಹೆಂಡತಿ ಇಬ್ಬರ ಕೂಲಿ, ಡೇರಿಯ ಹಾಲಿನ ದುಡ್ಡು ಸೇರಿ ತಿಂಗಳಿಗೆ 14,000 ರೂಪಾಯಿ. ಗೃಹಲಕ್ಷ್ಮಿಯ 2,000 ಸೇರಿದರೆ 16,000. ಆ ಮನೆಯ ಅಕ್ಕ ಮೂರು ಕಡೆ ಸಾಲ ತಂದಿದ್ದಾರೆ. ವಾರದ ಕಂತು ಒಂದಕ್ಕೆ 700, ಇನ್ನೊಂದಕ್ಕೆ 800, ಮತ್ತೊಂದಕ್ಕೆ 950. ಕೂಡಿಸಿ. ವಾರಕ್ಕೆ 2,450 ಆಯಿತು. ನಾಲ್ಕು ವಾರಕ್ಕೆ 9,800. ಊಟ, ಬಟ್ಟೆ, ಔಷಧಿ, ಮಕ್ಕಳ ಓದು ಎಲ್ಲಕ್ಕೂ ಉಳಿದದ್ದು 6,200. ಹೀಗಾದಾಗ ಕಂತು ಕಟ್ಟಲು ನಾಲ್ಕನೇ ಸಾಲ ತರುತ್ತಾರೆ. ಗುಂಡಿ ತೋಡೋದು ಹೀಗೇ ಕಣವ್ವ.

ರಿಸರ್ವ್ ಬ್ಯಾಂಕ್ 2022ರಲ್ಲಿ ಒಂದು ನಿಯಮ ಮಾಡಿದೆ. ಎಲ್ಲ ಸಾಲದ ಕಂತು ಸೇರಿ ಮನೆಯ ತಿಂಗಳ ವರಮಾನದ ಅರ್ಧಕ್ಕಿಂತ ಹೆಚ್ಚಾಗಬಾರದು. ಈ ಮನೆಗೆ ಅರ್ಧ ಅಂದರೆ 8,000. ಆಗಲೇ ದಾಟಿದೆ. ಮೂರನೇ ಸಾಲ ಕೊಡುವವರೂ ಕೇಳಬೇಕಿತ್ತು, ತಗೊಳ್ಳುವವರೂ ಹೇಳಬೇಕಿತ್ತು.

ಇನ್ನೂ ಕೆಲವು ವಿಷಯ ತಿಳಿದಿರಲಿ. ಸಾಲ ಕೊಟ್ಟವರು ನಿಮಗೆ ಒಂದು ಕಾರ್ಡು ಕೊಡಬೇಕು. ಅದು ನಿಮಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ಬಡ್ಡಿ ಎಷ್ಟು, ಕಟ್ಟಿದ್ದು ಎಷ್ಟು ಎಂದು ಅದರಲ್ಲಿ ಬರೆದಿರಬೇಕು. ಈಗ ನಿಮಗೆ ಓದು ಬರುತ್ತದೆ. ಓದಿ. ಅರ್ಥವಾಗದ ಕಡೆ ಹೆಬ್ಬೆಟ್ಟೂ ಬೇಡ, ರುಜುವೂ ಬೇಡ. ಅವಧಿಗೆ ಮುಂಚೆ ಸಾಲ ತೀರಿಸಿದರೆ ದಂಡ ಹಾಕುವ ಹಾಗಿಲ್ಲ. ಬೆಳಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡಿ ಕಾಡುವ ಹಾಗಿಲ್ಲ. ಹೆದರಿಸಿದರೆ 112ಕ್ಕೆ ಫೋನ್ ಮಾಡಿ. ಪೊಲೀಸರು ಬರುತ್ತಾರೆ.

ನಮ್ಮೂರುಗಳಲ್ಲಿ ಎಲ್ಲವನ್ನೂ 'ಸಂಘ' ಅಂತಲೇ ಕರೆಯುತ್ತೇವೆ. ಹತ್ತಿಪ್ಪತ್ತು ಜನ ಹೆಂಗಸರು ಸೇರಿ, ಉಳಿಸಿ, ತಮ್ಮಲ್ಲೇ ಸಾಲ ಕೊಟ್ಟುಕೊಳ್ಳುವ ಸಂಘ ಬೇರೆ. ಸ್ತ್ರೀಶಕ್ತಿ ಸಂಘಗಳು ಅಂಥವು. ಮೈಸೂರು ಧರ್ಮಪ್ರಾಂತ್ಯದ ಓ.ಡಿ.ಪಿ. ಸಂಸ್ಥೆ ಕಟ್ಟಿದ ಮಹಿಳಾ ಸಂಘಗಳೂ ಅಂಥವೇ. ಫೈನಾನ್ಸ್ ಕಂಪನಿಯವರು ಸಾಲ ಕೊಡಲು ಸೇರಿಸುವ ಗುಂಪು ಬೇರೆ. ಮೊದಲಿನದರಲ್ಲಿ ಬಡ್ಡಿ ಸಂಘಕ್ಕೇ ಸೇರುತ್ತದೆ. ಎರಡನೆಯದರಲ್ಲಿ ಕಂಪನಿಗೆ ಹೋಗುತ್ತದೆ.

ಸಾಲ ಯಾಕೆ ಬರುತ್ತದೆ? ಕಾಯಿಲೆಗೆ, ಬಿತ್ತನೆಗೆ ಬಂದರೆ ಯಾರೂ ತಪ್ಪು ಹೇಳಬಾರದು. ಆದರೆ ಮೊದಲ ಪರಮಪ್ರಸಾದದ ದಿನ ಮಗೂಗೆ ಬಿಳಿ ಬಟ್ಟೆ ಜೊತೆ ಇನ್ನೂರು ಜನಕ್ಕೆ ಬಿರಿಯಾನಿ ಹಾಕಿಸೋದಕ್ಕೆ ಸಾಲ ಬೇಕಾ? ಚರ್ಚು ಅದನ್ನು ಕೇಳಿಲ್ಲ. ಕೇಳಿದ್ದು ನೆಂಟರು. ನೆಂಟರು ಉಂಡು ಹೋದ ಮೇಲೆ ಕಂತು ಕಟ್ಟಲು ಬರುವುದಿಲ್ಲ.

ಗಂಡನಿಗೆ ಹೇಳದೆ ಸಾಲ ಮಾಡಿದ ಅಕ್ಕಂದಿರು ಇದ್ದಾರೆ. ಹೆಂಡತಿಯ ಹೆಸರಲ್ಲಿ ಸಾಲ ತೆಗೆಸಿ ಕುಡಿದು ಮುಗಿಸಿದ ಗಂಡಂದಿರೂ ಇದ್ದಾರೆ. ಎರಡೂ ಕಡೆ ಮುಚ್ಚುಮರೆಯೇ ರೋಗ. ರಾತ್ರಿ ಜಪಸರ ಮುಗಿದ ಮೇಲೆ ಹತ್ತು ನಿಮಿಷ ಕೂತ್ಕೊಳ್ಳಿ. ಅತ್ತೆಯೂ ಇರಲಿ, ದೊಡ್ಡ ಮಕ್ಕಳೂ ಇರಲಿ. "ಈ ವಾರ ಇಷ್ಟು ಬಂತು, ಇಷ್ಟು ಹೋಯ್ತು ಕಣ್ರೀ" ಅಂತ ಪುಸ್ತಕ ನೋಡಿ ಓದಿ ಹೇಳಿ. ಮೊದಲ ಸಲ ಜಗಳ ಆದೀತು. ನಾಲ್ಕನೇ ಸಲಕ್ಕೆ ಅವರೇ "ಪುಸ್ತಕ ತಾ" ಅನ್ನಬಹುದು.

ಲೆಕ್ಕ ಬರೆದರೆ ಅಡುಗೆಮನೆಯ ಸೋರಿಕೆಯೂ ಕಾಣುತ್ತದೆ. ಮಕ್ಕಳಿಗೆ ದಿನಕ್ಕೆ 20 ರೂಪಾಯಿಯ ಕುರುಕಲು ಪೊಟ್ಟಣ ಅಂದರೆ ತಿಂಗಳಿಗೆ 600. ಅದರಲ್ಲಿ ಉಪ್ಪು, ಎಣ್ಣೆ ಬಿಟ್ಟರೆ ಹೆಚ್ಚೇನಿಲ್ಲ. ಅದೇ ದುಡ್ಡಿಗೆ ಹುರುಳಿಕಾಳು, ಕಡಲೆಕಾಯಿ, ಮೊಟ್ಟೆ ಬರುತ್ತದೆ. ನಮ್ಮ ರಾಗಿಮುದ್ದೆ, ಉಪ್ಸಾರು ಬಡವರ ಊಟ ಅಂತ ನಾಚಬೇಡಿ. ಮೂಳೆಗೆ ಬೇಕಾದ ಸುಣ್ಣದ ಅಂಶ ಅಕ್ಕಿಗಿಂತ ರಾಗಿಯಲ್ಲಿ ಎಷ್ಟೋ ಪಟ್ಟು ಹೆಚ್ಚು. ರಕ್ತ ಕಡಿಮೆ ಇರುವವರು ಸೊಪ್ಪು, ಕಾಳಿನ ಜೊತೆ ನಿಂಬೆಹಣ್ಣು ಹಿಂಡಿಕೊಳ್ಳಿ. ಉಂಡ ಕೂಡಲೇ ಟೀ ಬೇಡ. ಟೀ ಕುಡಿದರೆ ಊಟದಲ್ಲಿರುವ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ.

ತಪಸ್ಸು ಕಾಲದಲ್ಲಿ 40 ದಿನ ನಾವು ಬಾಯಿ ಕಟ್ಟುತ್ತೇವೆ. ಬಸುರಿ, ಬಾಣಂತಿ, ಕಾಯಿಲೆಯವರು ಉಪವಾಸ ಮಾಡಬೇಕಿಲ್ಲ. ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದದ್ದನ್ನು ತಿನ್ನುವ ಹೆಂಗಸಿಗೆ ವರ್ಷವೆಲ್ಲ ತಪಸ್ಸು ಕಾಲವೇ! ಅವಳು ಎಲ್ಲರ ಜೊತೆ ಕೂತು ಉಣ್ಣಲಿ. ಬಿಡಬೇಕಾದರೆ ಮಾಂಸ ಬಿಡಲಿ, ಹೊಸ ಸೀರೆ ಬಿಡಲಿ, ಗಂಡ ಬೀಡಿ ಬಿಡಲಿ. ಬಿಟ್ಟದ್ದರ ದುಡ್ಡನ್ನು ಒಂದು ಡಬ್ಬಿಗೆ ಹಾಕಿ. ಸ್ವಲ್ಪ ಇಲ್ಲದವರಿಗೆ ಕೊಡಿ. ಉಳಿದದ್ದು ಚಿಕ್ಕ ಸಾಲಕ್ಕೆ ಹೋಗಲಿ. ಚಿಕ್ಕದು ತೀರಿದರೆ ಅದರ ಕಂತು ದೊಡ್ಡದಕ್ಕೆ ಸಿಗುತ್ತದೆ.

ಪುಸ್ತಕ ಹೊಸದೇ ಬೇಕೆಂದಿಲ್ಲ. ಮಗು ಬರೆದು ಬಿಟ್ಟ ನೋಟ್‌ಬುಕ್‌ನ ಖಾಲಿ ಹಾಳೆ ಸಾಕು. ನಡುವೆ ಒಂದು ಗೆರೆ ಎಳೆಯಿರಿ. ಎಡಕ್ಕೆ ಬಂದದ್ದು, ಬಲಕ್ಕೆ ಹೋದದ್ದು. ಮೇಲೆ ತಾರೀಖು ಹಾಕಿ. ಮೊದಲ ಸಾಲಿನಲ್ಲಿ ಈಗ ಡಬ್ಬಿಯಲ್ಲಿ ಇರುವುದನ್ನು ಎಣಿಸಿ ಬರೆಯಿರಿ, 10 ರೂಪಾಯಿ ಇದ್ದರೂ ಸರಿ.