ವಾಹನದ ಕಣ್ಣಿಗೆ ಬಂದ ಪೊರೆ

ಸಂಸ್ಕೃತದಲ್ಲಿ ‘ಕಾಚ’ವೆಂಬ ಶಬ್ದಕ್ಕೆ ಗಾಜೆಂಬದು ಒಂದರ್ಥ, ಕಣ್ಣಿನ ರೋಗವೊಂದರ ಹೆಸರೆಂಬದು ಮತ್ತೊಂದರ್ಥ. ದೃಷ್ಟಿಯು ಮೊದಲು ‘ತಿಮಿರ’ದಿಂದ ಮಸುಕಾಗಿ, ಉಪೇಕ್ಷಿಸಿದರೆ ‘ಕಾಚ’ವಾಗಿ, ಕಡೆಗೆ ‘ಲಿಂಗನಾಶ’ವೆಂಬ ಕುರುಡಿನಲ್ಲಿ ಮುಗಿಯುವದೆಂದು ಆಯುರ್ವೇದವು ಹೇಳುವದು. ಹಳೆಯ ಮೋಟಾರು ಕಾರುಗಳ ಹೆಡ್‌ಲೈಟುಗಳನ್ನು ನೋಡುವಾಗ ಈ ಎರಡರ್ಥಗಳೂ ಒಂದೇ ವಸ್ತುವಿನಲ್ಲಿ ಕೂಡಿರುವಂತೆ ನಮಗೆ ತೋರುವದು. ಕೊಂಡಾಗ ಸ್ಫಟಿಕದಂತಿದ್ದ ದೀಪವು ಕೆಲವು ವರ್ಷಗಳಲ್ಲಿ ಹಳದಿಗಟ್ಟಿ, ಮಂಜು ಮುಸುಕಿದಂತಾಗುವದು. ಗೃಹಸ್ಥರು ಇದನ್ನು ವಾಹನದ ಅಂದಕ್ಕೆ ಬಂದ ಕುಂದೆಂದಷ್ಟೇ ಎಣಿಸುವರು. ಅದು ಅಂದದ ಮಾತಲ್ಲ, ಪ್ರಾಣದ ಮಾತು ಎಂಬದನ್ನು ತಿಳಿಸುವದೂ, ಮನೆಯಲ್ಲಿಯೇ ಮಾಡಬಹುದಾದ ಉಪಾಯವನ್ನು ಹೇಳುವದೂ ಈ ಲೇಖನದ ಉದ್ದೇಶವು.

ನಮ್ಮ ಬೆಳಂಬಾರವು ಅಂಕೋಲಾ ತಾಲೂಕಿನ ಕಡಲಂಚಿನ ಊರು. ಪಾರ್ಶ್ವವಾಯುವಿನ ನಾಟಿ ಔಷಧಕ್ಕಾಗಿ ದೂರದೂರದ ರೋಗಿಗಳು ಇಲ್ಲಿಗೆ ಬರುವರು. ಹುಬ್ಬಳ್ಳಿಯ ಕಡೆಯಿಂದ ಬರುವವರು ಅರಬೈಲ್ ಘಟ್ಟದ ತಿರುವುಗಳನ್ನು ಇಳಿದೇ ಬರಬೇಕು. ಇತ್ತ ನಮ್ಮ ಕಡೆಯ ಹಾಲಕ್ಕಿ ಹೆಣ್ಣುಮಕ್ಕಳು ಕಾಯಿಪಲ್ಲೆಯ ಬುಟ್ಟಿ ಹೊತ್ತು, ಮೀನು ಮಾರುವ ತಾಯಂದಿರು ಮೀನಿನ ಬುಟ್ಟಿ ಹೊತ್ತು, ಪೇಟೆಗೆ ಹೋಗಲು ನಸುಕಿನಲ್ಲಿಯೇ ರಸ್ತೆಯ ಅಂಚು ಹಿಡಿಯುವರು. ಅವರ ಕೈಯಲ್ಲಿ ದೀಪವಿಲ್ಲ. ಅವರು ಕಾಣುವದೂ ಕಾಣದಿರುವದೂ ಎದುರು ಬರುವ ವಾಹನದ ದೀಪವನ್ನೇ ಅವಲಂಬಿಸಿರುವದು.

ಮೊದಲಿನ ವಾಹನಗಳ ದೀಪಕ್ಕೆ ಗಾಜೇ ಹೊದಿಕೆಯಾಗಿತ್ತು. 2014ರಲ್ಲಿ ತಯಾರಿಕೆ ನಿಂತ ಅಂಬಾಸಡರ್ ಕಾರಿನ ದುಂಡು ದೀಪಗಳನ್ನು ವಾಚಕರು ನೆನೆಯಬಹುದು. ಗಾಜು ಕಲ್ಲೇಟಿಗೆ ಒಡೆಯುವದು. ಆದರೆ ಬಿಸಿಲಿಗೆ ಹಳದಿಯಾಗದು. ಈಗಿನ ಹೊದಿಕೆಗಳು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನವು. 1953ರಲ್ಲಿ ಜರ್ಮನಿಯಲ್ಲಿ ಹರ್ಮನ್ ಶ್ನೆಲ್, ಅಮೇರಿಕೆಯಲ್ಲಿ ಡೇನಿಯಲ್ ಫಾಕ್ಸ್ ಎಂಬಿಬ್ಬರು ರಸಾಯನಶಾಸ್ತ್ರಜ್ಞರು ಪರಸ್ಪರ ಅರಿಯದೆಯೇ ಇದನ್ನು ಸಿದ್ಧಪಡಿಸಿದರು. ಇದು ಹಗುರ, ಏಟಿಗೆ ಒಡೆಯದು, ಬೇಕಾದ ಆಕಾರಕ್ಕೆ ಒಗ್ಗುವದು. ಆದರೆ ಸೂರ್ಯನ ಅತಿನೇರಳೆ ಕಿರಣಗಳನ್ನು ತಾಳುವ ಶಕ್ತಿ ಇದಕ್ಕೆ ಕಡಿಮೆ. ಆದುದರಿಂದ ಕಾರ್ಖಾನೆಯವರು ಇದರ ಮೇಲೆ ಗಟ್ಟಿಯಾದ ತೆಳು ಲೇಪವೊಂದನ್ನು ಕೊಟ್ಟಿರುವರು. ಬಿಸಿಲಿಗೆ ಆ ಲೇಪವು ಸವೆದು ಸಿಪ್ಪೆಯೆದ್ದ ಮೇಲೆ ಒಳಗಿನ ಪ್ಲಾಸ್ಟಿಕ್ ಹಳದಿಯಾಗಿ, ಕಣ್ಣಿಗೆ ಕಾಣದ ಬಿರುಕುಗಳಿಂದ ತುಂಬುವದು. ರಸ್ತೆಯ ಮರಳೂ ಧೂಳೂ ಅದನ್ನು ಇನ್ನಷ್ಟು ಗೀಚುವವು.

ಆಗ ನಷ್ಟವು ಎರಡು ಬಗೆಯದು. ಮುಂದಕ್ಕೆ ಹೋಗಬೇಕಾದ ಬೆಳಕು ಕುಗ್ಗುವದೊಂದು. ಉಳಿದ ಬೆಳಕು ಬಿರುಕುಗಳಲ್ಲಿ ಚದರಿ ಎದುರಿನವನ ಕಣ್ಣು ಕುಕ್ಕುವದಿನ್ನೊಂದು. ಅಮೇರಿಕೆಯ ಎ.ಎ.ಎ. ಎಂಬ ವಾಹನ ಸಂಘವು 2018ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಮಬ್ಬುಗಟ್ಟಿದ ದೀಪಗಳು ಹೊಸ ದೀಪದ ಬೆಳಕಿನಲ್ಲಿ ಶೇಕಡಾ 22ರಷ್ಟನ್ನೇ ಕೊಟ್ಟವು. ಉಜ್ಜಿ ಸರಿಪಡಿಸಿದ ಮೇಲೆ ಅದು ಸುಮಾರು ಶೇಕಡಾ 70ಕ್ಕೆ ಏರಿತು. ಪೂರ್ಣ ಪ್ರಕಾಶ ಬೇಕಾದರೆ ಹೊಸ ದೀಪವೇ ಗತಿ. ಆದರೂ ಈ ಲಾಭವು ಅಲ್ಪವಲ್ಲ.

ಕೆಲಸಕ್ಕೆ ಕೈಹಾಕುವ ಮೊದಲು ರೋಗದ ಸ್ಥಾನವನ್ನು ಅರಿಯತಕ್ಕದ್ದು. ತೊಳೆದ ದೀಪದ ಮೇಲೆ ನೀರು ಎರಚಿ ನೋಡಿರಿ. ಒದ್ದೆಯಾದಾಗ ತಿಳಿಯಾಗಿ, ಒಣಗಿದೊಡನೆ ಮತ್ತೆ ಮಬ್ಬಾದರೆ ದೋಷವು ಹೊರಮೈಯಲ್ಲಿದೆ. ಒಳಗೆ ನೀರಹನಿಗಳು ಕೂತಿದ್ದರೆ ಹೊರಗಿನ ಉಜ್ಜುವಿಕೆಯಿಂದ ಫಲವಿಲ್ಲ. ಅದನ್ನು ಮೆಕ್ಯಾನಿಕನಿಗೆ ತೋರಿಸಬೇಕು.

ಇನ್ನು ವಿಧಾನ. ದೀಪವನ್ನು ಸಾಬೂನಿನ ನೀರಿನಿಂದ ತೊಳೆದು, ಸುತ್ತಲಿನ ಬಣ್ಣಕ್ಕೆ ಗೀರು ಬೀಳದಂತೆ ಮಾಸ್ಕಿಂಗ್ ಟೇಪನ್ನು ಎರಡು ಪದರು ಅಂಟಿಸಿರಿ. ಬಣ್ಣದ ಅಂಗಡಿಯಲ್ಲಿ ‘ವಾಟರ್ ಪೇಪರ್’ ಎಂದು ಕೇಳಿದರೆ ಕೊಡುವ ಉಜ್ಜುಕಾಗದವನ್ನು 600, 1000, 2000, 3000 ನಂಬರುಗಳಲ್ಲಿ ತಂದು, ಸ್ವಲ್ಪ ಹೊತ್ತು ನೀರಿನಲ್ಲಿ ನೆನೆಯಿಡಿರಿ. ಮಬ್ಬು ತೆಳುವಾಗಿದ್ದರೆ 1000ದಿಂದಲೇ ಆರಂಭಿಸಬಹುದು. ಉಜ್ಜುವಾಗ ನೀರು ಒಣಗಲು ಬಿಡಬಾರದು. ಮೊದಲು ಇಳಿಯುವ ನೀರು ಹಳದಿಯಾಗಿರುವದು. ಅದು ಸತ್ತ ಲೇಪ. ನೀರು ಬೆಳ್ಳಗಾಗುವವರೆಗೆ ಉಜ್ಜಬೇಕು. ಒಂದು ನಂಬರಿನಿಂದ ಅಡ್ಡಡ್ಡ ಉಜ್ಜಿದರೆ ಮುಂದಿನದರಿಂದ ಉದ್ದುದ್ದ ಉಜ್ಜಿರಿ. ಹಿಂದಿನ ಗೀರುಗಳು ಪೂರ್ತಿ ಅಳಿದವೋ ಇಲ್ಲವೋ ಎಂಬದು ಆಗ ತಾನೇ ತಿಳಿಯುವದು. ನಡುವೆ ದೀಪವು ಮೊದಲಿಗಿಂತ ಹೆಚ್ಚು ಮಂಕಾಗಿ ಕಂಡರೆ ಹೆದರಬೇಕಾದದ್ದಿಲ್ಲ. ಕಡೆಗೆ ಮೆತ್ತನೆಯ ಬಟ್ಟೆಯಿಂದ ಪಾಲಿಶ್ ತಿಕ್ಕಿದರೆ ಹೊಳಪು ಮರಳುವದು.

ಹೆಚ್ಚಿನವರು ಇಲ್ಲಿಗೇ ಕೈತೊಳೆದುಕೊಳ್ಳುವರು. ಇದು ಮನೆಯ ಹಂಚು ತೆಗೆದು ಗೋಡೆಗೆ ಸುಣ್ಣ ಬಳಿದಂತೆಯೇ ಸರಿ. ಹಳೆಯ ಲೇಪವನ್ನು ನಾವೇ ಕಿತ್ತು ಹಾಕಿದ ಮೇಲೆ ಪ್ಲಾಸ್ಟಿಕ್ ಬರಿಮೈಯಲ್ಲಿ ಬಿಸಿಲಿಗೆ ನಿಂತಿರುವದು. ಕೆಲವೇ ತಿಂಗಳಲ್ಲಿ ಮತ್ತೆ ಹಳದಿಯಾಗುವದು. ಆದುದರಿಂದ ಅತಿನೇರಳೆ ಕಿರಣಗಳನ್ನು ತಡೆಯುವ, ಹೆಡ್‌ಲೈಟಿಗೆಂದೇ ಮಾರುವ ಪಾರದರ್ಶಕ ಲೇಪವನ್ನು ಕೊಡಲೇಬೇಕು. ಮಳೆಗಾಲದ ತೇವದಲ್ಲಿ ಲೇಪವು ಬಿಳುಚಿಕೊಳ್ಳುವ ಸಂಭವವಿರುವದರಿಂದ, ಮಳೆ ಹಿಂದೆ ಸರಿದ ಮೇಲೆ, ಒಣಹವೆಯ ದಿನ, ನೆರಳಿನಲ್ಲಿ ಈ ಕೆಲಸ ಮಾಡುವದು ಕರಾವಳಿಯವರಿಗೆ ಯುಕ್ತವು. ಸಿಂಪಡಿಸುವ ಲೇಪಗಳ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು. ಬಯಲಿನಲ್ಲಿ, ಡಬ್ಬಿಯ ಮೇಲೆ ಹೇಳಿದಂಥ ಮುಖಕವಚ ತೊಟ್ಟು, ಮಕ್ಕಳನ್ನು ದೂರವಿಟ್ಟು ಮಾಡತಕ್ಕದ್ದು.

ಸುಲಭೋಪಾಯಗಳ ಬಗ್ಗೆ ಒಂದು ಮಾತು. ಹಲ್ಲುಪುಡಿಯ ಪೇಸ್ಟು ಸಣ್ಣಗೆ ಉಜ್ಜಿ ಕೆಲವು ವಾರಗಳ ಹೊಳಪು ಕೊಡುವದು, ಅಷ್ಟೇ. ಸೊಳ್ಳೆಗೆಂದು ಮೈಗೆ ಹಚ್ಚುವ ಕೆಲವು ಔಷಧಗಳಲ್ಲಿ ‘ಡೀಟ್’ ಎಂಬ ದ್ರವ್ಯವಿರುವದು. ಅದನ್ನು ತಿಕ್ಕಿದರೆ ಪ್ಲಾಸ್ಟಿಕ್ಕಿನ ಮೈ ಕರಗಿ ಕ್ಷಣಕಾಲ ತಿಳಿಯಾದಂತೆ ಕಂಡು, ಮುಂದೆ ಕೆಡುವದು. ಪೆಟ್ರೋಲ್, ಥಿನ್ನರ್‌ಗಳು ಬಿರುಕು ತರುವವು. ಮಬ್ಬನ್ನು ಹಾಗೆಯೇ ಬಿಟ್ಟು ಹೆಚ್ಚು ಪ್ರಖರವಾದ ಬಲ್ಬು ಹಾಕುವದಂತೂ ಪರಪೀಡೆಯೇ ಸರಿ. ಚದರುವ ಬೆಳಕು ಹೆಚ್ಚಿ ಎದುರಿನವನು ಇನ್ನೂ ಕುರುಡಾಗುವನು.

ಈ ಕೆಲಸಕ್ಕೆ ಬೇಕಾಗುವದು ಒಂದು ರಜೆಯ ದಿನ, ನಾಲ್ಕು ಹಾಳೆ ಕಾಗದ, ಒಂದು ಡಬ್ಬಿ ಲೇಪ ಮತ್ತು ತಾಳ್ಮೆ. ಮನೆಯ ಹುಡುಗರನ್ನೂ ಇದರಲ್ಲಿ ಸೇರಿಸಿಕೊಂಡರೆ ಅವರಿಗೊಂದು ವಿದ್ಯೆಯಾದೀತು. ಮುಗಿದ ಮೇಲೆ ಸಂಜೆ ದೀಪ ಹಚ್ಚಿ, ಬೆಳಕು ರಸ್ತೆಯ ಮೇಲೆ ಬೀಳುವದೋ ಎದುರಿನವರ ಮುಖಕ್ಕೆ ಬೀಳುವದೋ ಎಂಬದನ್ನೂ ಪರೀಕ್ಷಿಸಿರಿ. ಕಾರು ನಮ್ಮದು, ಅದರ ದೀಪವೂ ನಮ್ಮದು. ಆದರೆ ಅದರ ಬೆಳಕಿನಲ್ಲಿ ದಾರಿ ನಡೆಯುವವರಿಗೂ ಪಾಲುಂಟೆಂಬದನ್ನು ವಾಚಕರು ಮರೆಯಬಾರದು.